ಓಗೊಡದವರ ಎಚ್ಚರ

ಐಸಿಯು ಬಾಗಿಲಲ್ಲಿ ಕಾದು ನಿಂತವರು ವೈದ್ಯರನ್ನು ಮೊದಲು ಕೇಳುವ ಮಾತು, ‘ಪ್ರಜ್ಞೆ ಬಂತಾ ಡಾಕ್ಟ್ರೇ?’ ಇದಕ್ಕೆ ವಿಜ್ಞಾನ ಎಷ್ಟರಮಟ್ಟಿಗೆ ಉತ್ತರ ಕೊಡಬಲ್ಲದು ಎಂದು ಯೋಚಿಸುವಾಗೆಲ್ಲ ನನಗೆ ನೆನಪಾಗುವುದು ನರವಿಜ್ಞಾನಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ.

ರಸ್ತೆ ಅಪಘಾತದಲ್ಲಿ ಮಿದುಳಿಗೆ ಪೆಟ್ಟು ಬಿದ್ದಿದ್ದ 23 ವರ್ಷದ ಯುವತಿ. ನಿದ್ದೆ, ಎಚ್ಚರ ಸರದಿಯಂತೆ ಬಂದುಹೋಗುತ್ತಿದ್ದವು. ಕರೆದರೆ ಮಾತ್ರ ಓಗೊಡುತ್ತಿರಲಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅವಳನ್ನು ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನರಿನೊಳಗೆ ಮಲಗಿಸಿ, ಟೆನಿಸ್ ಆಡುತ್ತಿರುವಂತೆ ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಲು ಹೇಳಿದರು. ಆಮೇಲೆ, ತನ್ನ ಮನೆಯ ಕೋಣೆಗಳಲ್ಲಿ ಓಡಾಡುವಂತೆ. ಮೊದಲನೆಯದಕ್ಕೆ ಚಲನೆಯನ್ನು ಯೋಜಿಸುವ ಭಾಗ, ಎರಡನೆಯದಕ್ಕೆ ಸ್ಥಳಗಳನ್ನು ಗುರುತಿಸುವ ಭಾಗ ಚುರುಕಾಯಿತು. ಆರೋಗ್ಯವಂತರಲ್ಲಿ ಕಂಡದ್ದೂ ಇದೇ.

‘ಟೆನಿಸ್’ ಎಂಬ ಪದ ಕಿವಿಗೆ ಬಿದ್ದೊಡನೆ ಮಿದುಳು ತಾನಾಗಿಯೇ ಮಿಡಿದಿರಬಹುದು ಎಂದು ಕೆಲವರು ಆಕ್ಷೇಪಿಸಿದರು. ನಾನು ಒಪ್ಪಲಾರೆ. ಪದಕ್ಕೆ ಮಿಡಿದದ್ದು ಕ್ಷಣದಲ್ಲಿ ಆರಬೇಕಿತ್ತು. ಇಲ್ಲಿ ಅದು 30 ಸೆಕೆಂಡು, ವಿಶ್ರಾಂತಿ ತಗೋ ಎನ್ನುವವರೆಗೂ ನಿಂತಿತ್ತು. 2010ರಲ್ಲಿ ಪ್ರಜ್ಞೆಗೆ ತೀವ್ರ ಧಕ್ಕೆಯಾಗಿದ್ದ 54 ರೋಗಿಗಳನ್ನು ಹೀಗೆಯೇ ಪರೀಕ್ಷಿಸಿದಾಗ ಐವರಲ್ಲಿ ಇಂಥ ಸ್ಪಂದನ ಸಿಕ್ಕಿತು. ಅವರಲ್ಲೊಬ್ಬ ಟೆನಿಸನ್ನೂ ಮನೆಯನ್ನೂ ‘ಹೌದು’, ‘ಇಲ್ಲ’ಗಳನ್ನಾಗಿ ಬಳಸಿ, ಆರು ಪ್ರಶ್ನೆಗಳಲ್ಲಿ ಐದಕ್ಕೆ ಸರಿಯುತ್ತರ ಕೊಟ್ಟ. ಅಲುಗಾಡದ ದೇಹದೊಳಗಿಂದ ಬಂದ ಆ ಉತ್ತರಗಳ ಬಗ್ಗೆ ಓದಿದಾಗ ನನ್ನ ಮೈ ಜುಮ್ಮೆಂದಿತ್ತು.

ಆದರೂ ಈ ಪರೀಕ್ಷೆ ಅಳೆಯುವುದು ಪ್ರಜ್ಞೆಯನ್ನಲ್ಲ, ಹೇಳಿದ್ದನ್ನು ಮಾಡುವ ಶಕ್ತಿಯನ್ನು. ಅದಕ್ಕೆ ಕಿವಿ ಕೇಳಬೇಕು, ಭಾಷೆ ಉಳಿದಿರಬೇಕು, ಸೂಚನೆ ನೆನಪಿರಬೇಕು, ಗಮನ ನಿಲ್ಲಬೇಕು. ನೋವು ನೋವೆನಿಸಲು, ಅಮ್ಮನ ಕೈ ಹಿತವೆನಿಸಲು ಇಷ್ಟೆಲ್ಲ ಬೇಕೇ? ಆ ‘ಅನಿಸುವಿಕೆ’ ಹೊರಗಿನ ಯಾವ ಯಂತ್ರಕ್ಕೂ ಇನ್ನೂ ನೇರವಾಗಿ ಸಿಕ್ಕಿಲ್ಲ.

2024ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಹೇಳಿದ್ದಕ್ಕೆ ಹೊರನೋಟಕ್ಕೆ ಸ್ಪಂದಿಸದ 241 ಮಂದಿಯಲ್ಲಿ 60 ಜನರ ಮಿದುಳು ಸ್ಪಂದಿಸಿತು. ಎಲ್ಲರೂ ಎತ್ತಿ ಆಡಿದ್ದು ಈ ಅಂಕಿಯನ್ನೇ. ನನ್ನನ್ನು ಹೆಚ್ಚು ಕಾಡಿದ್ದು ಅದೇ ವರದಿಯ ಇನ್ನೊಂದು ಅಂಕಿ. ಹೇಳಿದ್ದನ್ನು ಕಣ್ಣೆದುರೇ ಮಾಡಿ ತೋರಿಸುತ್ತಿದ್ದ 112 ಮಂದಿಯಲ್ಲಿ ಪರೀಕ್ಷೆ ಸ್ಪಂದನ ಹಿಡಿದದ್ದು ಬರೀ 43 ಜನರಲ್ಲಿ. ಎಚ್ಚರವಿದ್ದಾರೆ ಎಂದು ನಮಗೇ ಕಾಣುತ್ತಿದ್ದ ಉಳಿದ 69 ಮಂದಿಯನ್ನು ಅದು ಕಾಣಲಿಲ್ಲ.

ಹಾಗಾಗಿ ಈ ಪರೀಕ್ಷೆ ‘ಹೌದು’ ಎಂದರೆ ನಂಬೋಣ. ಏನೂ ಸಿಗದ ದಿನ ಮಾತ್ರ ‘ಪ್ರಜ್ಞೆ ಇಲ್ಲ’ ಎಂದು ಬರೆಯಕೂಡದು; ‘ಸುಳಿವು ಸಿಗಲಿಲ್ಲ’ ಎಂದಷ್ಟೇ ಬರೆಯಬೇಕು. ಮನೆಯವರಿಗೂ ಹಾಗೆಯೇ ಹೇಳಬೇಕು.