ಹಲಗಲಿ ಲಾವಣಿ ಮತ್ತು ಬಾಯಿಂದ ತುಂಬುವ ಬಂದೂಕು

ಹಲಗಲಿ ಬೇಡರ ಲಾವಣಿಯನ್ನು ನಾವು ಸ್ವಾತಂತ್ರ್ಯ ಹೋರಾಟದ ಹಾಡೆಂದೇ ಓದುತ್ತ ಬಂದಿದ್ದೇವೆ. ಪಠ್ಯಪುಸ್ತಕವೂ ಹಾಗೆಯೇ ಕಲಿಸಿತು. ತಪ್ಪೇನಿಲ್ಲ. ಆದರೆ ಆ ಓದಿನಲ್ಲಿ ಬೇಡರ ಕೈಯಲ್ಲಿದ್ದ ವಸ್ತುವೇ ಮಾಯವಾಗಿದೆ. ಜಗಳ ಹುಟ್ಟಿದ್ದು ಹತಾರಕ್ಕಾಗಿ. ಮುಧೋಳ ಸಂಸ್ಥಾನದ ಈ ಊರಿನವರು 1857ರಲ್ಲಿ ಕಂಪನಿ ಸರಕಾರದ ನಿಶ್ಶಸ್ತ್ರೀಕರಣದ ಕಾಯ್ದೆಗೆ ತಲೆಬಾಗಲಿಲ್ಲ, ಏಕೆಂದರೆ ಅವರಿಗೆ ಹತಾರವೆಂದರೆ ಬೇಟೆ, ಬೇಟೆಯೆಂದರೆ ಅನ್ನ.

ಆ ಕಾಲದ ನಾಡಬಂದೂಕು ಎಂಥದು ಎಂದು ಗೊತ್ತಿದ್ದರೆ ಲಾವಣಿ ಬೇರೆಯೇ ಆಗಿ ಕೇಳಿಸುತ್ತದೆ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಗುಂಡೋ ಚರೆಯೋ ಹಾಕಿ ಮೇಲೆ ಚಿಂದಿ ತುರುಕಿ ಗಜವೆಂಬ ಸಲಾಕೆಯಿಂದ ಜಡಿಯಬೇಕು, ನಳಿಗೆಯ ಕಿವಿಯೆಂಬ ಸಣ್ಣ ತೂತಿನ ಬಳಿ ರಂಜಕವೆಂಬ ನುಣ್ಣನೆಯ ಮದ್ದು ಇಟ್ಟು, ಜಾಮಗಿಯೆಂಬ ಉರಿಯುವ ಬತ್ತಿ ತಗಲಿಸಬೇಕು. ಇಷ್ಟಾದರೆ ಒಂದು ಈಡು. ಅದು ಗುರಿ ತಪ್ಪಿದರೆ ಮತ್ತೆ ತುಂಬುವಷ್ಟರಲ್ಲಿ ಮಿಗ ಕಣ್ಮರೆ. ಮಳೆಯಲ್ಲಿ ಮದ್ದು ತೊಯ್ದರೆ ಕೈಯಲ್ಲಿ ಉಳಿಯುವುದು ಬರೀ ಕಬ್ಬಿಣದ ಕೊಳವೆ. ಇಂಥ ಬಂದೂಕಿನಿಂದ ಬೇಟೆಯಾಡುವವನಿಗೆ ಹೆಜ್ಜೆಗುರುತು ತಿಳಿಯಬೇಕು, ಗಾಳಿ ಬೀಸುವ ದಿಕ್ಕು ತಿಳಿಯಬೇಕು, ಜೊತೆಗೆ ಓಡುವ ನಾಯಿ ಬೇಕು. ಕಾದು ಕೂತು ಒಂದೇ ಈಡಿನಲ್ಲಿ ಕೆಲಸ ಮುಗಿಸುವುದಕ್ಕೆ ಒದಗುವ ಸಾಧನವಿದು. ಹತಾರ ಕಸಿಯಲು ಬಂದು ಊರನ್ನು ಸುತ್ತುವರಿದ ಕಂಪನಿಯ ಪಡೆಯ ಎದುರು ಅದು ಎಷ್ಟು ಹೊತ್ತು ನಿಂತೀತು?

ಲಾವಣಿಕಾರ ಇದನ್ನು ಹೇಳುವುದಿಲ್ಲ. ಬೇಡರ ಮುಂದಾಳುಗಳಾದ ಹನುಮ, ಬಾಲ, ಜಡಗ, ರಾಮರ ಶೌರ್ಯವನ್ನು ಅವನು ಕತ್ತಿಯ ಕಡಿತದಲ್ಲಿ ಕಾಣುತ್ತಾನೆ. ವೀರರ ಕಥೆ ಹೇಳುವ ಹಳೆಯ ರೂಢಿ ಅದು. ಮದ್ದು ಅರೆದವರು, ನಳಿಗೆ ಬಡಿದ ಕಮ್ಮಾರ, ಹಿಡಿ ಕೆತ್ತಿದ ಬಡಿಗ ಯಾರೂ ಹಾಡಿನೊಳಗೆ ಬರುವುದಿಲ್ಲ. ಹತಾರಕ್ಕಾಗಿ ಸತ್ತವರ ಹಾಡಿನಲ್ಲಿ ಹತಾರ ಮಾಡಿದವರಿಗೆ ಜಾಗವಿಲ್ಲದ್ದು ದೊಡ್ಡ ಕೊರತೆಯೆಂದೇ ನನ್ನ ಎಣಿಕೆ.

ಆದರೆ ಕೊನೆಯ ಭಾಗಕ್ಕೆ ಬಂದಾಗ ಇದೇ ಲಾವಣಿಕಾರನಿಗೆ ಕೈಮುಗಿಯಬೇಕು. ಊರು ಸುಟ್ಟ ಮೇಲೆ ದಂಡಿನವರು ಹೊತ್ತೊಯ್ದದ್ದನ್ನು ಅವನು ಒಂದೊಂದಾಗಿ ಲೆಕ್ಕ ಹಾಕುತ್ತಾನೆ: ಕೊಡಲಿ, ಬೆಣ್ಣೆ, ಉಪ್ಪು, ಮಂಗಳಸೂತ್ರ, ಬೀಸುವ ಕಲ್ಲು ಸಹ. ಕಸಿಯಲು ಬಂದದ್ದು ಬಂದೂಕು, ಕಸಿದದ್ದು ಸಂಸಾರ. ಈ ಮಾತನ್ನು ಅವನು ಬಾಯಿಬಿಟ್ಟು ಹೇಳದೆ ಬರೀ ಸಾಮಾನುಗಳ ಹೆಸರಿನಿಂದ ನಮಗೆ ಮುಟ್ಟಿಸುತ್ತಾನೆ. ಕನ್ನಡ ಲಾವಣಿಗಳಲ್ಲಿ ಇದಕ್ಕಿಂತ ಗಟ್ಟಿಯಾದ ಮುಕ್ತಾಯವನ್ನು ನಾನು ಕಂಡಿಲ್ಲ. ಕುರ್ತಕೋಟಿ ಕಲ್ಮೇಶನ ಅಂಕಿತವಿರುವ ಈ ಹಾಡನ್ನು ಸಂಗ್ರಹಿಸಿ ಉಳಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್, ಅದೇ ಬ್ರಿಟಿಷ್ ಆಡಳಿತದ ಅಧಿಕಾರಿ. ಆ ಆಡಳಿತ ಈ ಜಗಳದ ಕೊನೆಗೆ ಮುಧೋಳ, ಹಲಗಲಿ ಎರಡೂ ಕಡೆ ಸೇರಿ ಗಲ್ಲಿಗೇರಿಸಿದ್ದು 19 ಮಂದಿಯನ್ನು.

ಹತಾರದ ನೆನಪು ಬೇರೆಡೆ ಉಳಿದ ಬಗೆ ನೋಡಿ. ಅಂಥದೇ ನಿಶ್ಶಸ್ತ್ರೀಕರಣದ ಕಾಯ್ದೆಯಿಂದ 1861ರಲ್ಲಿ ಕೊಡವರಿಗೆ ವಿನಾಯಿತಿ ಸಿಕ್ಕಿತು. ಅವರ ಕೋವಿ ಇಂದಿಗೂ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುತ್ತದೆ. ಮಲೆನಾಡಿನಲ್ಲಿ ಕೇಪಿನ ಕೋವಿಯ ಮಾತು ಕಥೆ ಕಾದಂಬರಿಗಳಲ್ಲಾದರೂ ಉಳಿದಿದೆ. ಅಮೆರಿಕದಲ್ಲಂತೂ ಬಾಯಿಂದ ತುಂಬುವ ಬಂದೂಕಿನ ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಸಿಗುತ್ತವೆ. ಆಸಕ್ತರು ಮರ ಉಜ್ಜಿ, ಎಣ್ಣೆ ಕುಡಿಸಿ, ನಳಿಗೆ ಕೂಡಿಸಿ ತಾವೇ ಕಟ್ಟಿಕೊಂಡು ಬೇಟೆಗೆ ಹೋಗುತ್ತಾರೆ. ಹಲವು ರಾಜ್ಯಗಳು ಅಂಥವರಿಗೆಂದೇ ಬೇರೆ ದಿನಗಳನ್ನು ಇಟ್ಟಿವೆ. ಅಜ್ಜಂದಿರ ಕೈಗೆಲಸ ಅಲ್ಲಿ ಹೀಗೆ ಮೊಮ್ಮಕ್ಕಳ ಕೈಗೆ ದಾಟಿದೆ.

ನಮ್ಮಲ್ಲಿ ಅದು ಬೇಡ. 1959ರ ಆಯುಧ ಕಾಯ್ದೆ ಪರವಾನಗಿಯಿಲ್ಲದೆ ಬಂದೂಕು ತಯಾರಿಸಲು ಬಿಡುವುದಿಲ್ಲ, 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ಎರಡೂ ಸರಿಯೇ. ಬೀಳಗಿ, ಮುಧೋಳ ತಾಲ್ಲೂಕುಗಳ ಕುರುಚಲು ಕಾಡು ಇವತ್ತು ಯಡಹಳ್ಳಿಯ ಚಿಂಕಾರ ಧಾಮ. ಅಲ್ಲಿ ಉಳಿದ ಚಿಂಕಾರಗಳ ಮೇಲೆ ಮತ್ತೆ ಈಡು ಹಾರಬಾರದು. ಆದರೆ ಬೇಟೆಯ ಜೋಡಿಯಲ್ಲಿ ನಾಯಿಗೆ ಸಿಕ್ಕ ಗೌರವ ನೋಡಿ: ಮುಧೋಳ ನಾಯಿಗೆ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವಿದೆ, 2005ರ ಅಂಚೆಚೀಟಿಯಿದೆ, ಸೇನೆಯಲ್ಲೂ ಕೆಲಸ ಸಿಕ್ಕಿದೆ. ಆ ನಾಯಿಯ ಹಿಂದೆ ಓಡಿದ ಮನುಷ್ಯನ ವಿದ್ಯೆಗೆ ಮಾತ್ರ ಒಂದು ಪುಟದ ದಾಖಲೆಯೂ ಬೇಡವೇ?

ಬಾಡಗಂಡಿಯಿಂದ ಬನಹಟ್ಟಿಯವರೆಗಿನ ಮೇಷ್ಟ್ರುಗಳಿಗೆ, ಹಾಡುವ ಮೇಳದವರಿಗೆ ನನ್ನ ಬಿನ್ನಹ ಇಷ್ಟೇ. ಲಾವಣಿಯನ್ನು ಕಡಿತದ ಹುರುಪಿನಲ್ಲೇ ನಿಲ್ಲಿಸಬೇಡಿ, ಬೀಸುವ ಕಲ್ಲಿನವರೆಗೂ ಹಾಡಿ. ಜಾಮಗಿ, ರಂಜಕ, ಗಜ ಎಂಬ ಮಾತು ಗೊತ್ತಿರುವ ಮುದುಕರು ನಿಮ್ಮೂರಿನಲ್ಲಿದ್ದರೆ ಅವರನ್ನು ಈ ವರ್ಷವೇ ಕೂರಿಸಿಕೊಂಡು ಕೇಳಿ, ಬರೆದಿಡಿ.