ರಾಗದೊಳಗೆ ವಚನ ಉಳಿಯಬೇಕು

ಚಿತ್ರದುರ್ಗ ಸೀಮೆಯಲ್ಲಿ ಬೆಳೆದವರಿಗೆ ವಚನ ಪುಸ್ತಕಕ್ಕಿಂತ ಮೊದಲು ಮೈಕಿನಲ್ಲಿ ಸಿಗುತ್ತದೆ. ಮಠದ ಸಭೆ, ಶಾಲೆಯ ವಾರ್ಷಿಕೋತ್ಸವ, ಗೃಹಪ್ರವೇಶ, ಶಿವರಾತ್ರಿಯ ಜಾಗರಣೆ, ಯಾವುದೇ ಇರಲಿ, ಹಾರ್ಮೋನಿಯಂ ತಬಲಾ ಮುಂದಿಟ್ಟುಕೊಂಡು ಒಬ್ಬರು ವಚನ ಹಾಡಿದ ಮೇಲೆಯೇ ಮುಂದಿನ ಕೆಲಸ. ನಾನು ಈ ಹಾಡುಗಾರಿಕೆಯ ಕಟ್ಟಾ ಅಭಿಮಾನಿ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಅವರ ಧ್ವನಿಮುದ್ರಣಗಳನ್ನು ಸವೆಯುವಷ್ಟು ಕೇಳಿದ್ದೇನೆ. ಆದರೆ ಎದುರಿಗೆ ಕೂತು ಕೇಳುವ ಸುಖ ನನಗೆ ಹೆಚ್ಚು ಸಿಕ್ಕಿದ್ದು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ. ಅಭಿಮಾನವಿದ್ದ ಕಡೆ ತಕರಾರನ್ನೂ ಬಾಯಿಬಿಟ್ಟು ಹೇಳಬೇಕು. ವಚನಗಾಯನದಲ್ಲಿ ಸಂಗೀತ ಬೆಳೆದಷ್ಟು ವಚನ ಬೆಳೆದಿಲ್ಲ, ಎಷ್ಟೋ ಸಲ ರಾಗದ ಕೆಳಗೆ ಅದು ಹೂತೇ ಹೋಗಿದೆ ಎಂಬುದು ನನ್ನ ತಕರಾರು.

ಸಾಣೇಹಳ್ಳಿಗೆ ಈ ಹಾಡು ಬಂದ ದಾರಿ ನಾಟಕದ್ದು. ಸಿರಿಗೆರೆಯ ಶಿವಕುಮಾರ ಸ್ವಾಮೀಜಿ ತಾವೇ ನಾಟಕ ಬರೆದು, ಕಲಾಸಂಘ ಕಟ್ಟಿ, ಶರಣರ ಕಥೆಯನ್ನು ಊರೂರಿಗೆ ಒಯ್ದವರು. ‘ಮರಣವೇ ಮಹಾನವಮಿ’ ಅವರ ನಾಟಕ. ಅದೇ ಹಾದಿಯಲ್ಲಿ ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿ ಗುರುವಿನ ಹೆಸರಿನಲ್ಲೇ ಶಿವಕುಮಾರ ಕಲಾಸಂಘ ಕಟ್ಟಿದರು. 1997ರಲ್ಲಿ ‘ಶಿವಸಂಚಾರ’ ಎಂಬ ತಿರುಗಾಟದ ತಂಡ ಶುರುವಾಯಿತು. ಕಲಾವಿದರು ಹಳ್ಳಿಯಲ್ಲೇ ಉಳಿದು ನಾಟಕಗಳನ್ನು ಕಟ್ಟುತ್ತಾರೆ, ನವೆಂಬರ್ ಮೊದಲ ವಾರದ ನಾಟಕೋತ್ಸವದಲ್ಲಿ ಆಡುತ್ತಾರೆ, ಆಮೇಲೆ ನಾಡೆಲ್ಲ ತಿರುಗುತ್ತಾರೆ. ಉತ್ಸವದ ಪ್ರತಿ ಸಂಜೆಯೂ ವಚನಗೀತೆಯಿಂದಲೇ ಆರಂಭ. ಅರ್ಧವೃತ್ತದ ಮೆಟ್ಟಿಲುಗಳ ಬಯಲು ರಂಗಮಂದಿರದಲ್ಲಿ ಹೊಲದ ಕೆಲಸ ಮುಗಿಸಿ ಬಂದವರು, ಶಾಲೆಯ ಮಕ್ಕಳು, ದೂರದ ಊರಿಂದ ಬಂದ ರಂಗಕರ್ಮಿಗಳು ಒಟ್ಟಿಗೆ ಕೂರುತ್ತಾರೆ. ಸಂಗೀತ ಬಲ್ಲವರಿಗೆ ಮುಂದಿನ ಸಾಲು, ಬಾರದವರಿಗೆ ಹಿಂದಿನ ಸಾಲು ಎಂಬ ಏರ್ಪಾಡು ಅಲ್ಲಿಲ್ಲ. ಹಾಡುವವರಿಗೂ ಇದು ಗೊತ್ತಿರುವುದರಿಂದ ವಿದ್ವತ್ತು ತೋರಿಸುವ ಅವಸರ ಕಡಿಮೆ.

ನಾವು ಈಗ ಕೇಳುವ ಕಛೇರಿ ಮಾದರಿಯ ವಚನಗಾಯನ ಇಪ್ಪತ್ತನೆಯ ಶತಮಾನದ್ದು. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ 1923ರಲ್ಲಿ ಅಚ್ಚಾಯಿತು. ಓಲೆಗರಿಯಲ್ಲಿದ್ದ ವಚನ ಕೈಗೆ ಸಿಕ್ಕ ಮೇಲೆ ಧಾರವಾಡ, ಗದಗದ ಕಡೆಯ ಹಿಂದೂಸ್ತಾನಿ ಗಾಯಕರು ಅದನ್ನು ತಮ್ಮ ಗಾಯನಶೈಲಿಗೆ ಒಗ್ಗಿಸಿಕೊಂಡರು. ಹಾಗೆಂದು ಸಂಗೀತ ವಚನಕ್ಕೆ ಹೊರಗಿನದು ಎನ್ನುವ ಹಾಗೂ ಇಲ್ಲ. ಬಸವಣ್ಣನವರೇ ತಮ್ಮ ದೇಹವನ್ನು ವೀಣೆಯಾಗಿ ಮಾಡಿ ಮೂವತ್ತೆರಡು ರಾಗಗಳನ್ನು ನುಡಿಸು ಎಂದು ದೇವರನ್ನು ಕೇಳಿಕೊಂಡಿದ್ದಾರೆ. ಇನ್ನೊಂದು ವಚನದಲ್ಲಿ ತಾಳದ ಲೆಕ್ಕ ತಮಗೆ ಗೊತ್ತಿಲ್ಲ, ಒಲವು ಬಂದ ಹಾಗೆ ಹಾಡುತ್ತೇನೆ ಎಂಬ ಅರ್ಥದ ಮಾತನ್ನೂ ಆಡಿದ್ದಾರೆ. ವಚನಗಾಯಕನ ಮುಂದಿರುವ ಇಡೀ ಸವಾಲು ಈ ಎರಡು ಮಾತುಗಳ ನಡುವೆ ಇದೆ. ರಾಗ ಬೇಕು, ಆದರೆ ತಾಳದ ಲೆಕ್ಕಕ್ಕೆ ಮಾತು ಬಲಿಯಾಗಬಾರದು.

ಕೀರ್ತನೆಗೆ ಪಲ್ಲವಿ ಇದೆ, ಚರಣಗಳಿವೆ. ಪ್ರತಿ ಚರಣ ಮುಗಿದಾಗಲೂ ಪಲ್ಲವಿಗೆ ಮರಳುವಂತೆಯೇ ಅದನ್ನು ಕಟ್ಟಿರುತ್ತಾರೆ. ವಚನಕ್ಕೆ ಪಲ್ಲವಿ ಇಲ್ಲ. ಅದು ಒಂದು ಮಾತಿನಿಂದ ಹೊರಟು, ತರ್ಕ ಕಟ್ಟುತ್ತ, ಕೊನೆಯ ಅಂಕಿತಕ್ಕೆ ಬಂದು ನಿಲ್ಲುತ್ತದೆ. ಹಾಡುಗಾರರು ಮಾಡುವುದೇನೆಂದರೆ, ಮೊದಲ ಸಾಲನ್ನೇ ಪಲ್ಲವಿ ಮಾಡಿಕೊಂಡು ಮತ್ತೆ ಮತ್ತೆ ಅಲ್ಲಿಗೆ ಮರಳುತ್ತಾರೆ. ತಬಲಾದವರಿಗೆ ಸಮ ಸಿಗುತ್ತದೆ, ಕೇಳುಗರಿಗೆ ಗುನುಗಲು ಒಂದು ಸಾಲು ಸಿಗುತ್ತದೆ. ವಚನಕ್ಕೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ.

ಶ್ರೀಮಂತರು ಶಿವಾಲಯ ಕಟ್ಟಿಸುತ್ತಾರೆ ಎಂದು ಶುರುವಾಗುವ ಬಸವಣ್ಣನವರ ಪ್ರಸಿದ್ಧ ವಚನವನ್ನೇ ನೋಡಿ. ಬಡವನಾದ ನಾನೇನು ಮಾಡಲಿ ಎಂಬ ಪ್ರಶ್ನೆ ಆಮೇಲೆ ಬರುತ್ತದೆ. ಕಾಲು ಕಂಬವಾಗುತ್ತದೆ, ದೇಹ ದೇಗುಲವಾಗುತ್ತದೆ, ತಲೆ ಕಳಶವಾಗುತ್ತದೆ. ಕೊನೆಗೆ ನಿಂತದ್ದು ಅಳಿಯುತ್ತದೆ, ನಡೆಯುವುದಕ್ಕೆ ಅಳಿವಿಲ್ಲ ಎಂಬ ನಿರ್ಣಯ. ಎಂಟುನೂರು ವರ್ಷ ದಾಟಿದರೂ ಈ ನಿರ್ಣಯದ ಬಿಸಿ ಆರಿಲ್ಲ. ಆದರೆ ನಾನು ಕೇಳಿದ ಹೆಚ್ಚಿನ ಹಾಡುಗಾರಿಕೆಯಲ್ಲಿ ಈ ಕೊನೆಯ ಮಾತು ಬಂದ ಕೂಡಲೇ ಗಾಯಕರು ಪಲ್ಲವಿಗೆ ಹಾರಿ, ಅದನ್ನೇ ಮೂರು ಸಲ ಹೇಳುವ ತಿಹಾಯಿ ಹಾಕಿ ಹಾಡು ಮುಗಿಸುತ್ತಾರೆ. ಚಪ್ಪಾಳೆ ಬೀಳುವಾಗ ಸಭೆಯ ಕಿವಿಯಲ್ಲಿ ಉಳಿಯುವುದು ಶಿವಾಲಯ ಕಟ್ಟಿಸಿದ ಶ್ರೀಮಂತರು. ಜಂಗಮದಲ್ಲಿ ಮುಗಿಯಬೇಕಾದ ವಚನ ಸ್ಥಾವರದಲ್ಲಿ ಮುಗಿಯುತ್ತದೆ. ಸ್ವರ ಒಂದೂ ತಪ್ಪಿರುವುದಿಲ್ಲ, ವಚನ ಮಾತ್ರ ತಲೆಕೆಳಗಾಗಿರುತ್ತದೆ.

ಅಕ್ಕಮಹಾದೇವಿಯ ವಿಷಯದಲ್ಲಿ ತಪ್ಪು ಬೇರೆ ಬಗೆಯದು. ಅಕ್ಕ ಎಂದರೆ ಕರುಣರಸ ಎಂದು ಗಾಯಕರು ತೀರ್ಮಾನಿಸಿಬಿಟ್ಟಿದ್ದಾರೆ. ಹೀಗಾಗಿ ಜೋಗಿಯಾ, ಭೈರವಿ, ನಿಧಾನದ ಲಯ, ನಡುಗುವ ದನಿ. ಸಾವಿಲ್ಲದ ಚೆಲುವನಿಗೆ ಒಲಿದೆ ಎನ್ನುವ ವಚನದ ಕೊನೆಯಲ್ಲಿ ಅಕ್ಕ ಸಾಯುವ ಗಂಡಂದಿರನ್ನು ಒಲೆಗೆ ಹಾಕು ಎನ್ನುತ್ತಾಳೆ. ಅಡುಗೆಮನೆಯಲ್ಲಿ ನಿಂತು, ಸೆರಗು ಸಿಕ್ಕಿಸಿಕೊಂಡು ಆಡಿದ ಖಡಕ್ ಮಾತು ಅದು. ಅದನ್ನೂ ಬಿಕ್ಕುವಂತೆ ಎಳೆದೆಳೆದು ಹಾಡಿದರೆ ಅಕ್ಕನ ಧೈರ್ಯವೆಲ್ಲ ಕಣ್ಣೀರಾಗುತ್ತದೆ. ಇದೇ ಅಕ್ಕನ ಕನಸಿನ ವಚನವನ್ನು ಮನ್ಸೂರರು ಹಾಡಿದ್ದನ್ನು ಕೇಳಿ. ಕಂಡ ಕನಸನ್ನು ಗೆಳತಿಗೆ ಹೇಳುವ ವಚನ ಅದು. ಹೇಳುವವಳು ಬೆರಗಿನಲ್ಲಿದ್ದಾಳೆ, ಒಂದೊಂದೇ ನೆನಪು ಮಾಡಿಕೊಂಡು ಹೇಳುತ್ತಾಳೆ. ಮನ್ಸೂರರ ದನಿ ಒಂದೇ ಮಾತಿನ ಸುತ್ತ ಮತ್ತೆ ಮತ್ತೆ ಸುಳಿದರೂ ಇಲ್ಲಿ ಅರ್ಥ ಕೆಡುವುದಿಲ್ಲ, ಏಕೆಂದರೆ ಕನಸು ನೆನೆಯುವ ಮನಸ್ಸಿನ ನಡೆಯೇ ಹಾಗೆ. ಈ ವಚನಕ್ಕೆ ಅವರ ಜೈಪುರ-ಅತ್ರೌಲಿ ಗಾಯನಶೈಲಿ ತಾನಾಗಿ ಹೊಂದಿಕೊಂಡಿತು. ದೊಡ್ಡ ಕಲಾವಿದನ ಆಯ್ಕೆ ಎಂದರೆ ಇದು. ಅವರ ಧಾಟಿಯನ್ನು ಎಲ್ಲ ವಚನಗಳಿಗೂ ಹಾಕಿದ ಅನುಕರಣೆಕಾರರು ಈ ಆಯ್ಕೆಯ ಗುಟ್ಟನ್ನು ಕಲಿಯಲಿಲ್ಲ.

ಸಾಣೇಹಳ್ಳಿಯ ಹಾಡುಗಾರಿಕೆ ಗೆಲ್ಲುವುದು ಈ ಹಿನ್ನೆಲೆಯಲ್ಲಿ. ಅಲ್ಲಿ ಹಾಡುವವರಲ್ಲಿ ನಟರೂ ಇರುತ್ತಾರೆ. ನಟನಿಗೆ ಮಾತೇ ಬಂಡವಾಳ. ಮಾತು ಹಿಂದಿನ ಮೆಟ್ಟಿಲಿನಲ್ಲಿ ಕೂತ ಅಜ್ಜಿಗೂ ಮುಟ್ಟಬೇಕೆಂದು ಕಲಿತವರು ಹಾಡುವಾಗಲೂ ಒತ್ತಕ್ಷರ ನುಂಗುವುದಿಲ್ಲ, ಮಹಾಪ್ರಾಣ ಬಿಡುವುದಿಲ್ಲ, ವಾಕ್ಯದ ನಡುವೆ ಉಸಿರು ಕಡಿದುಕೊಳ್ಳುವುದಿಲ್ಲ. ಕಳ್ಳತನ ಬೇಡ, ಕೊಲೆ ಬೇಡ ಎಂದು ಮೊದಲಾಗುವ ವಚನವನ್ನು ಮೇಳದಲ್ಲಿ ಹಾಡಿದಾಗ ಇದು ಚೆನ್ನಾಗಿ ತಿಳಿಯುತ್ತದೆ. ಏಳು ‘ಬೇಡ’ಗಳು, ಒಂದೊಂದೂ ಗಿಡ್ಡ ವಾಕ್ಯ. ಎಂಟು ಮಾತ್ರೆಯ ಸರಳ ನಡೆಗೆ ಅವು ತಾವಾಗಿಯೇ ಹೊಂದುತ್ತವೆ. ಏಳು ಮುಗಿದ ಮೇಲೆ ವಚನ ದಿಕ್ಕು ಬದಲಿಸಿ ಒಳಗಿನ ಶುದ್ಧಿ, ಹೊರಗಿನ ಶುದ್ಧಿಯ ಮಾತಿಗೆ ಹೊರಳುತ್ತದೆ. ಅಲ್ಲಿ ತಬಲಾ ಸ್ವಲ್ಪ ಹಿಂದೆ ಸರಿದರೆ ಸಾಕು, ಆ ಹೊರಳು ಸಭೆಗೆ ತಿಳಿಯುತ್ತದೆ. ಮಕ್ಕಳು ಜೊತೆಗೆ ದನಿಗೂಡಿಸುತ್ತಾರೆ, ಅರ್ಥವೂ ಅವರಿಗೆ ಜೊತೆಗೇ ದಕ್ಕುತ್ತದೆ. ವೇದಿಕೆಯ ಮೇಲೆ ಒಂಟಿ ವಿದ್ವಾಂಸ ಮೂರು ಸಪ್ತಕ ಓಡಾಡಿದರೂ ಆಗದ ಕೆಲಸ ಇದು. ವಚನ ಸಮುದಾಯದ ನಡುವೆ ಹುಟ್ಟಿದ ಮಾತು, ಮೇಳದ ದನಿ ಅದಕ್ಕೆ ಸಹಜ ಎಂಬ ನನ್ನ ನಂಬಿಕೆ ಬೆಳೆದದ್ದು ಆ ಮೆಟ್ಟಿಲುಗಳ ಮೇಲೆ.

ಹಾಗೆಂದು ಮೇಳಕ್ಕೆ ಪೂರ್ಣ ಅಂಕ ಕೊಡಲಾರೆ. ಎಲ್ಲ ವಚನಗಳನ್ನೂ ಒಂದೇ ಉತ್ಸಾಹದ ನಡಿಗೆಯಲ್ಲಿ ಹಾಡುವ ಚಾಳಿ ಅಲ್ಲಿಯೂ ಇದೆ. ಅಲ್ಲಮನ ಬೆಡಗಿನ ವಚನ ಕೇಳುಗನನ್ನು ನಿಲ್ಲಿಸಿ ಗೊಂದಲಕ್ಕೆ ಕೆಡವಬೇಕು. ಅದಕ್ಕೆ ಚಪ್ಪಾಳೆಯ ಲಯ ಹಾಕಿದರೆ ಬೆಡಗು ಕರಗುತ್ತದೆ. ವಚನಗಳ ಪಟ್ಟಿಯೂ ಚಿಕ್ಕದು. ಸಾವಿರಾರು ವಚನಗಳಿರುವಾಗ ವೇದಿಕೆಗಳಲ್ಲಿ ತಿರುಗುವುದು ಅದೇ ಕೆಲವು. ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ, ಅಂಬಿಗರ ಚೌಡಯ್ಯ, ಮಾದಾರ ಧೂಳಯ್ಯ ಹಾಡಿನಲ್ಲಿ ಬರುವುದು ಅಪರೂಪ. ಕಾಯಕದವರ ಒರಟು ಮಾತಿಗೆ ಹೊಸ ಧಾಟಿ ಹುಡುಕುವ ಧೈರ್ಯ ನಾಟಕದವರಿಗೇ ಬರದಿದ್ದರೆ ಇನ್ನಾರಿಗೆ ಬರಬೇಕು?

ಜಿಲ್ಲೆಯ ಇತರ ವೇದಿಕೆಗಳಲ್ಲಂತೂ ಸೌಂಡ್ ಸಿಸ್ಟಂ ಬೇರೆಯೇ ಹಾವಳಿ ಮಾಡುತ್ತಿದೆ. ಹಾಡು ಎಂದ ಕೂಡಲೇ ಎಕೋ ಏರಿಸುವುದು ರೂಢಿ. ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬಿದ್ದು ವಚನದ ಪದಗಳು ಒಂದರಲ್ಲೊಂದು ಕಲಸಿಹೋಗುತ್ತವೆ. ಹೊಳಲ್ಕೆರೆ, ಹಿರಿಯೂರು, ದುರ್ಗದ ಗಣೇಶನ ಪೆಂಡಾಲುಗಳ ಆರ್ಕೆಸ್ಟ್ರಾದಲ್ಲಿ ಈ ಎಕೋ ಅಷ್ಟು ತೊಂದರೆ ಕೊಡುವುದಿಲ್ಲ. 1972ರ ‘ನಾಗರಹಾವು’ ಚಿತ್ರದ ಓಬವ್ವನ ಹಾಡನ್ನು ಅಲ್ಲಿ ಹಾಡಿದಾಗ ನಾನೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ. ನಮ್ಮ ಕೋಟೆಯ ಹೆಣ್ಣುಮಗಳ ಕಥೆ, ವಿಜಯಭಾಸ್ಕರ್ ಸಂಗೀತ, ಪಿ.ಬಿ. ಶ್ರೀನಿವಾಸ್ ಕಂಠ ನೆನಪಾಗಿ ಮೈ ಜುಮ್ಮೆನ್ನುತ್ತದೆ. ಆ ಹಾಡು ಎಲ್ಲರಿಗೂ ಬಾಯಿಪಾಠ, ಪದ ಕಲಸಿದರೂ ಮನಸ್ಸು ತುಂಬಿಕೊಳ್ಳುತ್ತದೆ. ವಚನವನ್ನು ಮೊದಲ ಸಲ ಕೇಳುತ್ತಿರುವ ಹುಡುಗನಿಗೆ ಆ ಅನುಕೂಲ ಇಲ್ಲ. ಇತ್ತೀಚೆಗೆ ಮೊಬೈಲಿನ ಟ್ರ್ಯಾಕ್ ಹಾಕಿಕೊಂಡು ವಚನ ಹಾಡುವವರೂ ಹೆಚ್ಚಿದ್ದಾರೆ. ಟ್ರ್ಯಾಕು ಯಾರಿಗೂ ಕಾಯುವುದಿಲ್ಲ. ಒಂದು ಮಾತು ಸಭೆಗೆ ಇಳಿಯಲೆಂದು ಗಾಯಕ ಅರೆಕ್ಷಣ ತಡೆದರೆ ಸಂಗೀತ ಮುಂದೆ ಹೋಗಿಬಿಡುತ್ತದೆ. ಪಕ್ಕವಾದ್ಯದವನು ಗಾಯಕನ ಮುಖ ನೋಡಿ ಕಾಯುವುದು ಜೀವಂತ ಸಂಗೀತದ ಮೊದಲ ಲಕ್ಷಣ. ಅದನ್ನೇ ಬಿಟ್ಟುಕೊಟ್ಟ ಮೇಲೆ ಎದುರು ಕೂತು ಕೇಳುವುದರಲ್ಲಿ ಏನು ಉಳಿಯಿತು?

ದಾರಿ ತೋರುವ ಹಾಡುಗಾರಿಕೆ ನಮ್ಮ ಜಿಲ್ಲೆಯಲ್ಲೇ ಇದೆ, ಮಠದ ವೇದಿಕೆಯ ಹೊರಗೆ. ಹಿರಿಯೂರು ಸೀಮೆಯ ಕಾಡುಗೊಲ್ಲರು ಜುಂಜಪ್ಪನ ಕಾವ್ಯವನ್ನು ಗಣೆಯ ಜೊತೆ ಹಾಡುತ್ತಾರೆ. ಗಣೆ ಎಂದರೆ ಉದ್ದನೆಯ ಬಿದಿರಿನ ಕೊಳಲು. ಅದರ ದನಿಯಲ್ಲಿ ಸ್ವರಕ್ಕಿಂತ ಉಸಿರು ಹೆಚ್ಚು. ಧಾಟಿ ಚಿಕ್ಕದು, ನಾಲ್ಕೈದು ಸ್ವರಗಳಲ್ಲಿ ಮುಗಿಯುತ್ತದೆ. ಆದರೆ ಕಥೆ ಒಮ್ಮೆಯೂ ಹಿಂದಕ್ಕೆ ಹೋಗುವುದಿಲ್ಲ. ಮಾತು ಒಂದು ಹೆಜ್ಜೆ ಇಟ್ಟ ಮೇಲೆ ಗಣೆ ದನಿ ಕೊಡುತ್ತದೆ, ಕೇಳುಗನಿಗೆ ಮಾತನ್ನು ಅರಗಿಸಿಕೊಳ್ಳಲು ಸಮಯ ಸಿಗುತ್ತದೆ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದ ಮಹಾಗಾಯಕಿ. ಕೃಷ್ಣಮೂರ್ತಿ ಹನೂರರು ಆಕೆಯ ಹಾಡುಗಳನ್ನು ಸಂಗ್ರಹಿಸಿದರು, ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಅಂಥವರ ಹಾಡಿನಲ್ಲಿ ಧಾಟಿ ಮಾತಿನ ಸೇವೆಗೆ ನಿಂತಿರುತ್ತದೆ. ವಚನಕ್ಕೆ ರಾಗ ಹಾಕುವವರು ಧಾರವಾಡದ ಕಡೆ ನೋಡಿದಷ್ಟೇ ಗೌರವದಿಂದ ಈ ಹಟ್ಟಿಗಳ ಕಡೆಗೂ ನೋಡಬೇಕು. ಓದಿನಂತೆ ಸಾಗುವ ಚಿಕ್ಕ ಧಾಟಿ, ಪ್ರತಿ ಮಾತಿನ ನಂತರ ವಾದ್ಯದ ಒಂದು ಉತ್ತರ, ಕೊನೆಯಲ್ಲಿ ಅಂಕಿತ. ವಚನದ ಬೆಳವಣಿಗೆಗೆ ಇದಕ್ಕಿಂತ ಒಪ್ಪುವ ಕಟ್ಟಡ ನನಗೆ ಕಾಣುತ್ತಿಲ್ಲ.

ಅಭಿಮಾನಿಯಾಗಿ ನಾನು ಗಾಯಕರಲ್ಲಿ ಕೇಳುವುದು ಇಷ್ಟು. ಅಂಕಿತಕ್ಕೆ ಬಂದ ಮೇಲೆ ನಿಲ್ಲಿಸಿ, ಪಲ್ಲವಿಗೆ ಮರಳಬೇಡಿ. ಸಂಜೆಗೆ ಆರು ವಚನ ಹಾಡುವ ಬದಲು ಎರಡನ್ನೇ ಹಾಡಿ, ಹಾಡುವ ಮುನ್ನ ಒಮ್ಮೆ ಬರಿಯ ಮಾತಿನಲ್ಲಿ ಓದಿ. ಎಕೋ ತೆಗೆಸಿ. ರಾಗ ಆರಿಸುವ ಮೊದಲು ಆ ವಚನ ಸಿಟ್ಟಿನದೋ, ನಗೆಯದೋ, ಬೆರಗಿನದೋ ಎಂದು ಯೋಚಿಸಿ. ಕೇಳುಗರ ಹೊಣೆಯೂ ಇದೆ. ತಾನಿಗೆ ಚಪ್ಪಾಳೆ ತಟ್ಟುವ ನಾವು ಒಂದು ಮಾತು ಸ್ಪಷ್ಟವಾಗಿ ಎದೆಗೆ ಬಿದ್ದಾಗಲೂ ತಲೆದೂಗಬೇಕು, ಏಕೆಂದರೆ ಸಭೆ ಯಾವುದನ್ನು ಮೆಚ್ಚುತ್ತದೋ ಗಾಯಕರು ಅದನ್ನೇ ಬೆಳೆಸುತ್ತಾರೆ. ಸಾಣೇಹಳ್ಳಿಗೆ ಒಳ್ಳೆಯ ಕಂಠಗಳಿವೆ, ಮಾತು ಬಲ್ಲ ನಟರಿದ್ದಾರೆ, ವರ್ಷ ವರ್ಷವೂ ಬಂದು ಕೂರುವ ಹಳ್ಳಿಯ ಸಭೆ ಇದೆ. ವಚನಗಾಯನವನ್ನು ಕಛೇರಿಯ ಗುಂಗಿನಿಂದ ಬಿಡಿಸಿ ಮಾತಿನ ಕಲೆಯಾಗಿ ಮತ್ತೆ ಕಟ್ಟುವ ಶಕ್ತಿ ಕರ್ನಾಟಕದಲ್ಲಿ ಯಾರಿಗಾದರೂ ಇದ್ದರೆ ಅದು ಈ ತಂಡಕ್ಕಿದೆ. ಮುಂದಿನ ನವೆಂಬರಿನಲ್ಲಿ ಅವರಿಂದ ನಾನು ಒಂದು ಹೊಸ ವಚನ, ಚೌಡಯ್ಯನದೋ ಲಕ್ಕಮ್ಮನದೋ, ಅದರದೇ ನಡಿಗೆಯಲ್ಲಿ ಕೇಳಬಯಸುತ್ತೇನೆ.