ದಾನ ಕೊಟ್ಟವರ ಚರಿತ್ರೆ, ಉತ್ತವರ ಚರಿತ್ರೆ

ಗುಬ್ಬಿ ತಾಲ್ಲೂಕಿನ ಯಾವ ಊರಿನ ಚರಿತ್ರೆ ಬರೆಯಲು ಕೂತರೂ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ 12ನೆಯ ಸಂಪುಟ. 1904ರಲ್ಲಿ ಹೊರಬಂದ ಅದು ತುಮಕೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಮೂಲಪಾಠವನ್ನೂ ಇಂಗ್ಲಿಷ್ ಅನುವಾದವನ್ನೂ ಕೊಟ್ಟಿತು. ಹೊಲದಲ್ಲಿ, ಕೆರೆ ಏರಿಯಲ್ಲಿ, ಗುಡಿಯ ಮುಂದೆ ಮೂಕವಾಗಿ ನಿಂತಿದ್ದ ಕಲ್ಲುಗಳು ಮಾತಾಡಿದ್ದು ಆ ದುಡಿಮೆಯಿಂದ. ಆ ಋಣ ತೀರುವಂಥದ್ದಲ್ಲ. ಆದರೆ ಸಿ.ಎಸ್. ಪುರ, ಅಂದರೆ ಚಂದ್ರಶೇಖರಪುರದಂಥ ಹೋಬಳಿಯ ಹಳ್ಳಿಗಳ ಚರಿತ್ರೆಗೆ ಅದೊಂದೇ ಸಾಲದು.

ಇದೇ ತಾಲ್ಲೂಕಿನ ಕಡಬದ ತಾಮ್ರಶಾಸನವನ್ನೇ ನೋಡಿ. ಶಕವರ್ಷ 735ರ, ಅಂದರೆ ಕ್ರಿ.ಶ. 812-13ರ ಕಾಲ ಹೇಳುವ ಈ ಶಾಸನದಲ್ಲಿ ರಾಷ್ಟ್ರಕೂಟ ಮೂರನೆಯ ಗೋವಿಂದ ಜಾಲಮಂಗಲವೆಂಬ ಊರನ್ನು ಜೈನಮುನಿ ಅರ್ಕಕೀರ್ತಿಗೆ ದಾನ ಕೊಡುತ್ತಾನೆ. ಕುನುಂಗಿಲ್ ನಾಡನ್ನು, ಅಂದರೆ ಈಗಿನ ಕುಣಿಗಲ್ ಸೀಮೆಯನ್ನು, ಆಳುತ್ತಿದ್ದ ವಿಮಲಾದಿತ್ಯನ ಶನಿಪೀಡೆಯನ್ನು ಮುನಿ ಕಳೆದದ್ದೇ ಕಾರಣ. ಬಿನ್ನಹ ಮಾಡಿದವನು ಚಾಕಿರಾಜ. ಕೊಟ್ಟವನು, ಪಡೆದವನು, ಕಾರಣ, ಊರಿನ ಎಲ್ಲೆ ಎಲ್ಲವೂ ಅಲ್ಲಿವೆ. ಆ ಎಲ್ಲೆಯೊಳಗೆ ನೇಗಿಲು ಹಿಡಿದವರ ಸುದ್ದಿಯಿಲ್ಲ. ದಾನಶಾಸನ ಇರುವುದೇ ಹಕ್ಕನ್ನು ದಾಖಲಿಸಲು. ಅದರ ಮೇಲೆ ದೂರಿಲ್ಲ.

ದೂರು ನಮ್ಮ ಬರವಣಿಗೆಯ ಮೇಲೆ. ಸ್ಮರಣ ಸಂಚಿಕೆಗಳಲ್ಲಿ, ಸ್ಥಳಚರಿತ್ರೆಯ ಕಿರುಹೊತ್ತಗೆಗಳಲ್ಲಿ ಶಾಸನ ಮುಗಿದ ಮೇಲೆ ಹಾಗಲವಾಡಿಯ ಪಾಳೆಯಗಾರರು ಬರುತ್ತಾರೆ, ಆಮೇಲೆ ದೇವಸ್ಥಾನದ ಜೀರ್ಣೋದ್ಧಾರ, ಅಲ್ಲಿಗೆ ಮಂಗಳ. ಭೂಮಿ ಯಾರಿಂದ ಯಾರ ಕೈಗೆ ಹೋಯಿತೆಂಬ ಪ್ರಶ್ನೆಯನ್ನೇ ಎತ್ತುವುದಿಲ್ಲ.

ದೂರದ ಎಸ್ಟೋನಿಯಾದ ಕಡಲ ದಂಡೆಯ ಹಳ್ಳಿಗಳಲ್ಲಿ ಈ ಪ್ರಶ್ನೆಯನ್ನು ಬಿಟ್ಟು ಚರಿತ್ರೆ ಬರೆಯಲಾಗದು. ಅಲ್ಲಿ ಜರ್ಮನ್ ಜಮೀನ್ದಾರರ ಬಂಗಲೆಗೆ ಹಳ್ಳಿಗರು ಬಿಟ್ಟಿ ದುಡಿಯಬೇಕಿತ್ತು. 1816ರಲ್ಲಿ ಜೀತ ರದ್ದಾದರೂ ನೆಲ ಧಣಿಗಳದ್ದೇ ಆಗಿ ಉಳಿಯಿತು. 1919ರ ಭೂಸುಧಾರಣೆ ಅದನ್ನು ಹಂಚಿತು. ನಮ್ಮಲ್ಲೂ ಅಂಥ ತಿರುವುಗಳಿವೆ. 1954 ಮತ್ತು 1955ರ ಕಾಯ್ದೆಗಳು ಇನಾಮುಗಳನ್ನು ರದ್ದು ಮಾಡಿದವು. 1974ರ ಮಾರ್ಚ್ 1ರಂದು, ದೇವರಾಜ ಅರಸರ ಕಾಲದಲ್ಲಿ, ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುವವನಿಗೆ ಒಡೆತನ ಕೇಳುವ ಹಕ್ಕು ಬಂತು.

ಆಗ ಗೇಣಿದಾರರು ಭೂನ್ಯಾಯ ಮಂಡಳಿಗೆ ಕೊಟ್ಟ 7ನೇ ನಮೂನೆಯ ಅರ್ಜಿಗಳನ್ನು ಬಿಡಿಸಿ ನೋಡಬೇಕು. ಸರ್ವೆ ನಂಬರು, ಎಕರೆ-ಗುಂಟೆ, ಜಮೀನಿನ ಮಾಲೀಕ, ಉಳುವವನ ಹೆಸರು, ಅವನ ತಂದೆಯ ಹೆಸರು. ತಾಮ್ರಪಟ ಬಿಟ್ಟ ಹೆಸರುಗಳು ಸರ್ಕಾರದ ಆ ಕಾಗದಕ್ಕೆ ಬಂದಿವೆ. ಅರ್ಜಿ ವಜಾ ಆದವರ ಹೆಸರೂ, ಅರ್ಜಿ ಹಾಕಲು ಧೈರ್ಯ ಸಾಲದವರ ನೆನಪೂ ಚರಿತ್ರೆಯೇ.

ಆದ್ದರಿಂದ ರೈಸ್ ಸಂಪುಟವನ್ನು ಮೊದಲ ಅಧ್ಯಾಯಕ್ಕೆ ಇಟ್ಟುಕೊಳ್ಳೋಣ. ಉಳಿದ ಅಧ್ಯಾಯಗಳನ್ನು ಪಹಣಿ, ಇನಾಂ ಕಡತ, ಮಂಡಳಿಯ ತೀರ್ಪು, ಹಿರಿಯರ ಬಾಯಿಮಾತು ಇವನ್ನು ಒಂದಕ್ಕೊಂದು ತಾಳೆ ನೋಡಿ ಬರೆಯಬೇಕು. ಕೂಲಿಯವರ ಕೇರಿಯ ಮಕ್ಕಳು ತಮ್ಮ ಮನೆತನದ ಹೆಸರು ಹುಡುಕಿದರೆ ಸಿಗುವಂತಿದ್ದಾಗಲೇ ಅದು ಊರಿನ ಚರಿತ್ರೆ. ಇಲ್ಲದಿದ್ದರೆ ಅದು ಒಡೆಯರ ವಂಶಾವಳಿ ಮಾತ್ರ.